ಗಿನಿಪಿಗ್ ಕೆರೆತ: ಡಾಕ್ಟರನ್ನು ಕೇಳಿ

ಕಪ್ಪುಮೂಗು: ಮೇಡಂ, ನಮ್ಮ ಗಿನಿಪಿಗ್ ಆಗಾಗ ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತೆ. ಕಿವಿ ಹಿಂದೆ ಕೂದಲೇ ಇಲ್ಲ. ಹುಳ ಇರಬಹುದಾ?

ಪಶುವೈದ್ಯೆ: ಕಿವಿ ಹಿಂದೆ ಬೋಳಾಗಿರುವುದು ಮಾಮೂಲು. ನಿದ್ದೆಯಿಂದ ಎದ್ದಾಗ, ಮೈ ನೆಕ್ಕಿಕೊಳ್ಳುವಾಗ ಎರಡು ಸಲ ಕೆರೆದು ಸುಮ್ಮನಾದರೆ ಚಿಂತೆ ಬೇಡ. ಕೂದಲು ಸರಿಸಿ ಚರ್ಮ ನೋಡಿ. ಹೊಟ್ಟು, ಗಾಯ, ಹೊಸ ಬೋಳು ಕಂಡರೆ ಹೇಳಿ.

ಹುಲ್ಲುಮನೆ: ನಮ್ಮದು ಕೆಲವು ವಾರದಿಂದ ಬೆನ್ನು, ತೊಡೆ ಕೆರೆದು ರಕ್ತ ಬರಿಸಿಕೊಂಡಿದೆ. ಮುಟ್ಟಿದರೆ ಕಿರುಚುತ್ತೆ. ನಿನ್ನೆ ಕೆರೆಯುತ್ತಲೇ ಪಕ್ಕಕ್ಕೆ ಬಿದ್ದು ಕಾಲು ಒದರಿತು. ಮೂರ್ಛೆ ರೋಗ ಅಂತಾನೆ ತಮ್ಮ. ನನ್ನ ಕೈಮೇಲೂ ಕೆಂಪು ಗುಳ್ಳೆ ಎದ್ದಿವೆ.

ಪಶುವೈದ್ಯೆ: ಇದನ್ನು ನಾಳೆಗೆ ಇಡಬೇಡಿ. ನೀವು ಹೇಳಿದ್ದನ್ನೆಲ್ಲ ನೋಡಿದರೆ ಟ್ರಿಕ್ಸಾಕರಸ್ ಕೇವಿಯೆ ಎಂಬ ಕಜ್ಜಿ ನುಸಿಯೇ ಇರಬೇಕು ಅನಿಸುತ್ತದೆ. ಅದು ಚರ್ಮ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ‘ಹುಡುಕಿದೆ, ಏನೂ ಸಿಗಲಿಲ್ಲ’ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ನವೆ ವಿಪರೀತವಾದಾಗ ಫಿಟ್ಸ್ ಬಂದ ಹಾಗೆ ಬಿದ್ದು ಒದ್ದಾಡುತ್ತವೆ. ಮೂರ್ಛೆಗೆ ಮಾತ್ರೆ ಕೊಡುತ್ತಾ ನುಸಿಯನ್ನು ಹಾಗೇ ಬಿಟ್ಟರೆ ಪ್ರಾಣಿ ಉಳಿಯದೇ ಹೋಗಬಹುದು.

ವೈದ್ಯರು ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಅದರಲ್ಲಿ ನುಸಿ ಸಿಗದಿದ್ದರೂ ಲಕ್ಷಣ ನೋಡಿ ಔಷಧಿ ಕೊಡುವುದುಂಟು. ಐವರ್ಮೆಕ್ಟಿನ್ ಅಥವಾ ಸೆಲಾಮೆಕ್ಟಿನ್. ಪ್ರಮಾಣ ತೂಕದ ಮೇಲೆ, ಅದನ್ನು ಅವರೇ ಲೆಕ್ಕ ಹಾಕಲಿ. ಮೊಟ್ಟೆಗಳಿಗೆ ಈ ಔಷಧಿ ನಾಟುವುದಿಲ್ಲ, ಒಡೆದು ಮರಿ ಬಂದ ಮೇಲೆ ಮತ್ತೆ ಕೊಡಬೇಕು. ಕೆರೆತ ನಿಂತಿತು ಅಂತ ಎರಡನೇ ಸಲ ತಪ್ಪಿಸಬೇಡಿ. ಜೊತೆಗಿರುವ ಎಲ್ಲ ಗಿನಿಪಿಗ್‌ಗೂ ಚಿಕಿತ್ಸೆ ಬೇಕು. ಬೋನು ತೊಳೆದು ಹಾಸು ಪೂರ್ತಿ ಬದಲಿಸಿ. ಸ್ನಾನ ಮಾಡಿಸಬೇಡಿ, ಮೈ ಉಜ್ಜಬೇಡಿ, ಮತ್ತೆ ಒದ್ದಾಟ ಶುರುವಾಗಬಹುದು. ನಿಮ್ಮ ಗುಳ್ಳೆಗಳೂ ಅದರದ್ದೇ ಇರಬಹುದು. ಈ ನುಸಿ ಮನುಷ್ಯರ ಮೈಮೇಲೆ ಸಂಸಾರ ಹೂಡುವುದಿಲ್ಲ. ಗಿನಿಪಿಗ್ ವಾಸಿಯಾದ ಮೇಲೂ ಗುಳ್ಳೆ ಹೋಗದಿದ್ದರೆ ನಿಮ್ಮ ಡಾಕ್ಟರಿಗೆ ತೋರಿಸಿ.

ಜೋಡಿಮರಿ: ಇದು ಫಾರ್ವರ್ಡ್ ಬಂದಿದ್ದು: ಟೀ ಟ್ರೀ ಎಣ್ಣೆಗೆ ಕರ್ಪೂರ ಬೆರೆಸಿ ಹಚ್ಚಿ, ನುಸಿ ಮಾಯ, ಎಲ್ಲರಿಗೂ ಶೇರ್ ಮಾಡಿ 🙏

ಪಶುವೈದ್ಯೆ: ಶೇರ್ ಮಾಡಬೇಡಿ. ಎರಡೂ ಚರ್ಮದ ಮೂಲಕವೇ ಮೈಗೆ ಸೇರುವ ವಿಷ. ಕರ್ಪೂರದಿಂದಲೇ ಫಿಟ್ಸ್ ಬರುತ್ತದೆ. ಈಗ ತಾನೇ ಮೇಲೆ ಏನು ಬರೆದೆ?

ಜೋಡಿಮರಿ: ನೈಸರ್ಗಿಕ ಅಲ್ವಾ ಮೇಡಂ?

ಮೊಂಡುಬಾಲ: ನೈಸರ್ಗಿಕ ಅಂತ ದತ್ತೂರಿ ತಿಂತೀರಾ?

ಜೋಡಿಮರಿ: ನಾನು ನಿಮ್ಮನ್ನು ಕೇಳಲಿಲ್ಲ.

ಮೊಂಡುಬಾಲ: ಹೋದ ಸಲ ಸೀಮೆಎಣ್ಣೆ ಹಚ್ಚಿ ಅಂದವರು ನೀವೇ ತಾನೇ?

ಜೋಡಿಮರಿ: ಅದು ಹೇನಿಗೆ! ನುಸಿಗೆ ಅಂತ ಯಾರು ಹೇಳಿದ್ರು?

ಪಶುವೈದ್ಯೆ: ಯಾವುದಕ್ಕೂ ಬೇಡ.

ಬಿಳಿಕೂದಲು: ಉಗುರು ಎಷ್ಟು ದಿನಕ್ಕೊಮ್ಮೆ ಕತ್ತರಿಸಬೇಕು?

ಗುಂಡುಮರಿ: ನಮ್ಮದರ ಕೂದಲಲ್ಲಿ ಸಣ್ಣ ಬಿಳಿ ಹುಳ ಓಡಾಡುತ್ತಿವೆ. ಮಕ್ಕಳಿಗೆ ಹತ್ತುತ್ತಾ?

ಪಶುವೈದ್ಯೆ: ಕಣ್ಣಿಗೆ ಕಾಣುವಂತೆ ಓಡಾಡಿದರೆ ಹೇನು. ಕೂದಲಿಗೆ ಅಂಟಿಕೊಂಡಿದ್ದರೆ ಸೀರು. ಅವು ಮಕ್ಕಳ ತಲೆಗೆ ಬರುವುದಿಲ್ಲ. ಆದರೆ ಮೂಗು, ಕಣ್ಣಿನ ಸುತ್ತ ಕೂದಲು ಉದುರಿ ಹಕ್ಕಳೆ ಕಟ್ಟಿದರೆ ಹುಳುಕಡ್ಡಿ ಇರಬಹುದು. ಅದು ಶಿಲೀಂಧ್ರ, ಮಕ್ಕಳಿಗೆ ಹತ್ತುತ್ತದೆ.

ಹಸಿರುಬುಟ್ಟಿ: ನಮ್ಮದು ಹೆಣ್ಣು, ವಯಸ್ಸಾಗಿದೆ. ಎರಡೂ ಪಕ್ಕೆಯಲ್ಲಿ ಒಂದೇ ಸಮ ಕೂದಲು ಹೋಗಿದೆ. ಕೆರೆತ ಇಲ್ಲ.

ಪಶುವೈದ್ಯೆ: ಕೆರೆತ ಇಲ್ಲದೆ ಹೀಗೆ ಆದರೆ ನನಗೆ ಮೊದಲು ಅನುಮಾನ ಬರುವುದು ಅಂಡಾಶಯದ ನೀರುಗುಳ್ಳೆ. ಸ್ಕ್ಯಾನ್ ಮಾಡಿಸಿ. ನುಸಿ ಔಷಧಿ ಹಾಕುತ್ತಾ ಕೂರಬೇಡಿ.

ಚುಕ್ಕಿ: ಕಿವಿ ಹಿಂದೆ ಬೋಳಾಗಿದೆ, ಹುಳವಾ?

ಪಶುವೈದ್ಯೆ: ಮೊದಲ ಉತ್ತರ ಓದಿ.

ಹುಲ್ಲುಮನೆ: ಹೊರಟಿದ್ದೇವೆ ಮೇಡಂ. ಜೊತೆಗಿರುವುದಕ್ಕೆ ಕೆರೆತ ಇಲ್ಲ. ಅದನ್ನೂ ಒಯ್ಯಬೇಕಾ?

ಪಶುವೈದ್ಯೆ: ಎಲ್ಲಕ್ಕೂ ಅಂತ ಬರೆದಿದ್ದೆ. ಒಯ್ಯಿರಿ.

ಜೋಡಿಮರಿ: ಹಾಗಾದ್ರೆ ಕರ್ಪೂರ ಬಿಟ್ಟು ಬರೀ ಎಣ್ಣೆ ಹಚ್ಚಬಹುದಾ?

ಪಶುವೈದ್ಯೆ: ಇಲ್ಲ.