ಮಂಡ್ಯ–ಮೈಸೂರು ದಿನದ ಓಡಾಟ, ಭಾನುವಾರ ಘಾಟಿ: 7 ಲಕ್ಷದೊಳಗೆ ಯಾವ ಸೆಕೆಂಡ್ ಹ್ಯಾಂಡ್ ಗಾಡಿ?

ಪ್ರಶ್ನೆ: ವಿಸಿನಾಲೆ_11

ಎಲ್ರಿಗೂ ನಮಸ್ಕಾರ. ಮನೆ ಮಂಡ್ಯ, ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ. ಹೋಗಿ ಬರೋಕೆ ದಿನಕ್ಕೆ ಹತ್ತತ್ರ 90 ಕಿ.ಮೀ. ಭಾನುವಾರ ಬೆಳಗ್ಗೆ ಮೇಲುಕೋಟೆ ಕಡೆ, ಯಾವಾಗಲಾದರೂ ಕುಶಾಲನಗರ ದಾಟಿ ಮಡಿಕೇರಿ ಘಾಟಿ. ಓಡಿಸೋಕೆ ಖುಷಿ ಕೊಡೋ ಗಾಡಿ ಬೇಕು, ಸೋಮವಾರ ಬೆಳಗ್ಗೆ ಕೈ ಕೊಡಬಾರದು. ಒಟ್ಟು ಬಜೆಟ್ 7 ಲಕ್ಷ. ನೋಡಿರೋ ಗಾಡಿಗಳು:

2016ರ ಪೋಲೋ ಜಿಟಿ ಟಿಎಸ್‌ಐ, ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್) ಗೇರ್‌ಬಾಕ್ಸ್, 78 ಸಾವಿರ ಕಿ.ಮೀ., 5.4 ಲಕ್ಷ ಕೇಳ್ತಿದ್ದಾರೆ.
2018ರ ಬಲೆನೊ ಆರ್‌ಎಸ್, 52 ಸಾವಿರ ಕಿ.ಮೀ., 5.6 ಲಕ್ಷ.
2016ರ ಅಬಾರ್ತ್ ಪುಂಟೊ, ಡೆಲ್ಲಿ ರಿಜಿಸ್ಟ್ರೇಷನ್, 4.2 ಲಕ್ಷ.
2020ರ ಪೋಲೋ 1.0 ಟಿಎಸ್‌ಐ ಮ್ಯಾನುಯಲ್, 44 ಸಾವಿರ ಕಿ.ಮೀ., 6.7 ಲಕ್ಷ.

ಇದರ ಜೊತೆ ಒಬ್ಬ ಡೀಲರ್ 2011ರ ಬಿಎಂಡಬ್ಲ್ಯು 320ಡಿ ತೋರಿಸಿ 6.5ಕ್ಕೆ ಕೊಡ್ತೀನಿ ಅಂತಿದ್ದಾರೆ. ಹಿಂದಿನ ಚಕ್ರ ತಳ್ಳೋ ಗಾಡಿ ಅಂತ ಮನಸ್ಸು ಅಲ್ಲೇ ನಿಂತಿದೆ. ಯಾವುದು ತಗೊಳ್ಳಲಿ?

ಉತ್ತರ: ಮೇಟಗಳ್ಳಿ_ಟರ್ಬೊ

ಮೊದಲು ಬಿಎಂಡಬ್ಲ್ಯು ಕೈಬಿಡಿ. ಆ ಕಾಲದ 320ಡಿಯಲ್ಲಿ ಇರೋದು ಎನ್47 ಡೀಸೆಲ್ ಇಂಜಿನ್. ಅದರ ಟೈಮಿಂಗ್ ಚೈನ್ (ಇಂಜಿನ್ ವಾಲ್ವ್‌ಗಳನ್ನ ತಾಳಕ್ಕೆ ನಡೆಸೋ ಸರಪಳಿ) ಮುಂದೆ ಇಲ್ಲ, ಗೇರ್‌ಬಾಕ್ಸ್ ಕಡೆ ಹಿಂದೆ ಇದೆ. ಚೈನ್ ಸಡಿಲ ಆದರೆ ಬದಲಾಯಿಸೋಕೆ ಇಂಜಿನ್ನೇ ಕೆಳಗಿಳಿಸಬೇಕು, ಕಿತ್ತರೆ ಇಂಜಿನ್ ಕಥೆ ಮುಗೀತು. ಗಾಡಿ ಬೆಲೆ ಹಳೇದಾಗುತ್ತೆ, ಪಾರ್ಟ್ಸ್ ಬೆಲೆ ಹೊಸ ಗಾಡಿಯದೇ ಇರುತ್ತೆ. ಮನೇಲಿ ಇನ್ನೊಂದು ಕಾರಿದ್ದು, ಇದು ತಿಂಗಳು ಗ್ಯಾರೇಜಲ್ಲಿ ನಿಂತರೂ ನಡೆಯುತ್ತೆ ಅನ್ನೋರಿಗೆ ಮಾತ್ರ.

ಈ ಬಜೆಟ್ಟಲ್ಲಿ ಎರಡು ಸೀಟಿನ ನಿಜವಾದ ಸ್ಪೋರ್ಟ್ಸ್ ಕಾರು ನಮ್ಮಲ್ಲಿ ಸಿಗಲ್ಲ. ಮಜ್ದಾ ಎಂಎಕ್ಸ್-5 ತರದ್ದು ಇಲ್ಲಿ ಮಾರಾಟಕ್ಕೇ ಬಂದಿಲ್ಲ. ಹಾಗಾಗಿ ಹಗುರ ಬಾಡಿ, ಟರ್ಬೊ ಇಂಜಿನ್, ಕೈಯಲ್ಲಿ ಹಾಕೋ ಗೇರ್, ಇವು ಮೂರೂ ಒಟ್ಟಿಗಿರೋ ಹ್ಯಾಚ್‌ಬ್ಯಾಕ್ ಹುಡುಕೋದೇ ಸರಿಯಾದ ದಾರಿ.

ಪೋಲೋ ಜಿಟಿ ಟಿಎಸ್‌ಐ (1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್ ಶಕ್ತಿ, 175 ಎನ್‌ಎಂ ಎಳೆತ) ಓಡಿಸೋಕೆ ಬಹಳ ಚೆಂದ. ಯೋಚನೆ ಗೇರ್‌ಬಾಕ್ಸ್‌ದು. ಅದು ಡಿಕ್ಯೂ200, ಏಳು ಗೇರಿನ ಒಣ ಕ್ಲಚ್ ಡಿಎಸ್‌ಜಿ. ಕ್ಲಚ್ ಎಣ್ಣೆಯಲ್ಲಿ ಮುಳುಗಿರಲ್ಲ, ಅದಕ್ಕೇ ಟ್ರಾಫಿಕ್ಕಲ್ಲಿ ಇಂಚು ಇಂಚಾಗಿ ತೆವಳಿದಾಗ ಬಿಸಿ ಆಚೆ ಹೋಗಲ್ಲ. ಬೆಳಗ್ಗೆ ಮೈಸೂರಿನ ಮಣಿಪಾಲ್ ಆಸ್ಪತ್ರೆ ಜಂಕ್ಷನ್ನಿಂದ ರಿಂಗ್ ರೋಡ್ ಹಿಡಿಯೋ ಹೊತ್ತಿಗೆ ನಿಮಗೆ ದಿನಾ ಇದೇ. ಕ್ಲಚ್ ಸವೆದರೆ ಒಂದರಿಂದ ಎರಡಕ್ಕೆ ಹೋಗುವಾಗ, ನಿಲ್ಲಿಸೋಕೆ ಮುಂಚೆ ಎರಡರಿಂದ ಒಂದಕ್ಕೆ ಬರುವಾಗ ಗಾಡಿ ನಡುಗುತ್ತೆ. ಅದಕ್ಕಿಂತ ದೊಡ್ಡ ಖರ್ಚು ಮೆಕಟ್ರಾನಿಕ್ ಯೂನಿಟ್, ಅಂದರೆ ಗೇರ್ ತಾನಾಗೇ ಬದಲಿಸೋ ಹೈಡ್ರಾಲಿಕ್-ಎಲೆಕ್ಟ್ರಾನಿಕ್ ಭಾಗ. ಅದರೊಳಗಿನ ಅಕ್ಯುಮುಲೇಟರ್ (ಎಣ್ಣೆಯ ಒತ್ತಡ ಹಿಡಿದಿಡೋ ಡಬ್ಬಿ) ಕೂರೋ ಜಾಗ ಬಿರುಕು ಬಿಟ್ಟರೆ ಹೈಡ್ರಾಲಿಕ್ ಎಣ್ಣೆ ಸೋರಿ ಒತ್ತಡ ಬೀಳುತ್ತೆ, ಮೀಟರಲ್ಲಿ ಗೇರ್ ಅಕ್ಷರಗಳು ಮಿಟುಕುತ್ತವೆ, ಗಾಡಿ ಅಲ್ಲೇ ನಿಲ್ಲುತ್ತೆ. ಸ್ಕ್ಯಾನಲ್ಲಿ ಪಿ17ಬಿಎಫ್ ಅನ್ನೋ ದೋಷದ ಕೋಡ್ ಬಂದರೆ ಇದೇ ಅಂತ ತಿಳಿದುಕೊಳ್ಳಿ. ಯೂನಿಟ್ ಪೂರ್ತಿ ಬದಲಾಯಿಸಿದರೆ ಲಕ್ಷ ದಾಟುತ್ತೆ. ಇನ್ನೊಂದು ವಿಷಯ: ಡಿಕ್ಯೂ200 ತಡೆಯೋದು 250 ಎನ್‌ಎಂ. ಹಿಂದಿನ ಓನರ್ ರೀಮ್ಯಾಪ್ (ಇಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸೋದು) ಮಾಡಿಸಿ ಓಡಿಸಿದ್ದರೆ ಆ ಮಿತಿಯ ಹತ್ತಿರಕ್ಕೆ ಹೋಗಿರುತ್ತೆ. ಮಾರುವಾಗ ಸ್ಟಾಕ್‌ಗೆ ವಾಪಸ್ ತಂದಿದ್ದರೂ ಕ್ಲಚ್ ಸವೆದದ್ದು ಸವೆದದ್ದೇ.

ಬಲೆನೊ ಆರ್‌ಎಸ್ ಜನ ಲೆಕ್ಕಕ್ಕೆ ತಗೊಳ್ಳದ ಒಳ್ಳೆ ಗಾಡಿ. 1.0 ಬೂಸ್ಟರ್‌ಜೆಟ್ ಟರ್ಬೊ ಇಂಜಿನ್, 102 ಪಿಎಸ್, 150 ಎನ್‌ಎಂ, ತೂಕ 950 ಕೆ.ಜಿ., ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಐದು ಗೇರ್ ಮ್ಯಾನುಯಲ್. ಮಾರಾಟ ಕಡಿಮೆ ಇದ್ದದ್ದರಿಂದ ಟರ್ಬೊ, ಇಂಜೆಕ್ಟರ್ ತರದ ಪಾರ್ಟ್ಸ್ ಆರ್ಡರ್ ಹಾಕಿ ಕಾಯಬೇಕಾಗಬಹುದು. ಬಾಡಿ, ಸಸ್ಪೆನ್ಷನ್ ಬಹುಪಾಲು ಮಾಮೂಲಿ ಬಲೆನೊದ್ದೇ, ಮಂಡ್ಯದಲ್ಲೇ ಸಿಗುತ್ತೆ. 2023ರ ಏಪ್ರಿಲ್‌ನಲ್ಲಿ 7,213 ಆರ್‌ಎಸ್ ಗಾಡಿಗಳನ್ನ ಬ್ರೇಕಿಗೆ ನೆರವಾಗೋ ವ್ಯಾಕ್ಯೂಮ್ ಪಂಪಿನ ದೋಷಕ್ಕೆ ಕಂಪನಿ ವಾಪಸ್ ಕರೆದಿತ್ತು. 2016ರ ಅಕ್ಟೋಬರ್ ಕೊನೆಯಿಂದ 2019ರ ನವೆಂಬರ್ 1ರವರೆಗೆ ತಯಾರಾದವು ಅವು, ನೀವು ನೋಡಿರೋದೂ ಅದರಲ್ಲೇ ಬರುತ್ತೆ. ಚಾಸಿ ನಂಬರ್ ಕೊಟ್ಟು ಕೆಲಸ ಆಗಿದೆಯಾ ಅಂತ ಸರ್ವೀಸ್ ಸೆಂಟರಲ್ಲಿ ಕೇಳಿ. ಆಗದಿದ್ದರೆ ಬ್ರೇಕ್ ಪೆಡಲ್ ಗಟ್ಟಿಯಾಗೋ ಸಾಧ್ಯತೆ ಇದೆ. ಘಾಟಿ ಇಳಿಯುವಾಗ ಅದು ಆಟದ ವಿಷಯ ಅಲ್ಲ.

ನನ್ನ ಮತ ಪೋಲೋ 1.0 ಟಿಎಸ್‌ಐ ಮ್ಯಾನುಯಲ್‌ಗೆ. 110 ಪಿಎಸ್, 175 ಎನ್‌ಎಂ, ಆರು ಗೇರ್, ಮಾಮೂಲಿ ಕ್ಲಚ್. ಒಂದೇ ಬಾಡಿಯಲ್ಲಿ ಟರ್ಬೊ ಇಲ್ಲದ 1.0 ಎಂಪಿಐ (76 ಪಿಎಸ್) ಕೂಡ ಬಂದಿತ್ತು, ಅದಕ್ಕೆ ಐದೇ ಗೇರ್. ಗೇರ್ ನಾಬ್ ಮೇಲೆ 6 ಇದೆಯಾ ನೋಡಿ, ಆರ್‌ಸಿಯಲ್ಲಿ ಮಾಡೆಲ್ ಹೆಸರು ಓದಿ, ಆಮೇಲೆ ಮಾತು.

ಉತ್ತರ: ಕಬ್ಬಿನ_ರೋಡು

ಎಲ್ಲ ಸರಿ, ಆದರೆ ದಿನಾ 90 ಕಿ.ಮೀ. ಓಡಿಸೋರಿಗೆ ಡೀಸೆಲ್ ಬಿಟ್ಟು ಮಾತಾಡ್ತಿದ್ದೀರಲ್ಲ? ಲೆಕ್ಕ ಹಾಕಿ. 22 ದಿನಕ್ಕೆ 1,980 ಕಿ.ಮೀ. ಟರ್ಬೊ ಪೆಟ್ರೋಲ್ 15 ಕೊಟ್ಟರೆ 132 ಲೀಟರ್, ಲೀಟರ್‌ಗೆ ₹103 ಅಂತ ಹಿಡಿದರೆ ₹13,600. ಫೋರ್ಡ್ ಫಿಗೊ 1.5 ಡೀಸೆಲ್ 20 ಕೊಟ್ಟರೆ 99 ಲೀಟರ್, ₹91ರಂತೆ ₹9,000. ವರ್ಷಕ್ಕೆ ₹55 ಸಾವಿರ ಉಳಿತು. ಅದು 100 ಪಿಎಸ್, 215 ಎನ್‌ಎಂ. ಮೂರನೇ ಗೇರಲ್ಲಿ ಕಬ್ಬಿನ ಟ್ರ್ಯಾಕ್ಟರ್ ದಾಟೋವಾಗ ಆ ಎಳೆತ ಯಾವ ಪೆಟ್ರೋಲ್ ಗಾಡಿಯೂ ಈ ರೇಟಿಗೆ ಕೊಡಲ್ಲ. 2020ರ ಏಪ್ರಿಲ್‌ಗೆ ಮುಂಚಿನ ಬಿಎಸ್4 (ಹಳೇ ಹೊಗೆ ನಿಯಮದ) ಗಾಡಿ ನೋಡಿ, ಬಜೆಟ್‌ಗಿಂತ ತುಂಬಾ ಕೆಳಗೇ ಸಿಗುತ್ತೆ, ಮಿಕ್ಕ ದುಡ್ಡಲ್ಲಿ ಒಳ್ಳೆ ಟೈರು, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹಾಕಿಸಿ. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸ್ತೀವಿ ಅಂದಿದ್ದು ನಿಜ, ಆದರೆ ಸರ್ವೀಸ್, ಪಾರ್ಟ್ಸ್ ನಿಂತಿಲ್ಲ. ನೋಡಬೇಕಾದ್ದು ಎರಡು: ಟೈಮಿಂಗ್ ಬೆಲ್ಟ್ ಬದಲಾಯಿಸಿದ ಬಿಲ್ ಇದೆಯಾ, ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗೋ ರಬ್ಬರ್ ಪೈಪ್ ಸೀಳಿದೆಯಾ. ಪೈಪ್ ಸೀಳಿದರೆ ಪಿಕಪ್ ಸತ್ತು ಕಪ್ಪು ಹೊಗೆ ಬರುತ್ತೆ.

ಉತ್ತರ: ಮೇಟಗಳ್ಳಿ_ಟರ್ಬೊ

ಲೆಕ್ಕ ಸರಿ ಇದೆ, 15 ಅಂತ ಹಿಡಿದದ್ದು ಸರಿ ಇಲ್ಲ. 1.0 ಟಿಎಸ್‌ಐ ಮ್ಯಾನುಯಲ್‌ಗೆ ಎಆರ್‌ಎಐ (ಪರೀಕ್ಷೆಯ) ಮೈಲೇಜ್ ಅಂಕಿ ಲೀಟರ್‌ಗೆ 18.24 ಕಿ.ಮೀ. ಇವರದ್ದು ಮುಕ್ಕಾಲು ಪಾಲು ಹೈವೇ, ಕಾರಿಗೆ 100ರ ಮಿತಿ ಇದೆ, ಕ್ಯಾಮೆರಾಗಳೂ ಇವೆ. ಆರನೇ ಗೇರಲ್ಲಿ 90ಕ್ಕೆ ಕೂರಿಸಿದರೆ 17 ದಾಟೋದು ಕಷ್ಟ ಅಲ್ಲ. 17.5 ಅಂತ ಹಿಡಿದರೆ ತಿಂಗಳಿಗೆ ₹11,650. ವ್ಯತ್ಯಾಸ ₹2,600ಕ್ಕೆ ಇಳೀತು. ಮೂಗಿನ ಮೇಲೆ ಭಾರ ಕಡಿಮೆ ಇರೋದ್ರಿಂದ ಮಡಿಕೇರಿ ಹತ್ತುವಾಗ ತಿರುವಲ್ಲಿ ಗಾಡಿ ಸ್ಟೀರಿಂಗ್ ಮಾತು ಕೇಳುತ್ತೆ. ವಾರಾಂತ್ಯದ ಖುಷಿ ಬೇಕು ಅಂತಲೇ ಅಲ್ವಾ ಅವರು ಕೇಳಿದ್ದು?

ಒಂದು ಮಾತು ಮಾತ್ರ ಒಪ್ತೀನಿ. ಡೀಸೆಲ್ಲೇ ಆದರೆ ಬಿಎಸ್4 ತಗೊಳ್ಳಿ. ಬಿಎಸ್6 ಡೀಸೆಲ್‌ನ ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಕಟ್ಟಿಕೊಂಡ ಮಸಿ ಸುಡೋಕೆ ಸ್ವಲ್ಪ ಹೊತ್ತು ಒಂದೇ ವೇಗದ ಓಟ ಬೇಕು. ಮಂಡ್ಯದಿಂದ ಬರೋವರೆಗೆ ಅದು ತಾನಾಗೇ ಆಗುತ್ತೆ, ಆದರೆ ಮುಂದೆ ಕುವೆಂಪುನಗರದಿಂದ ಹೆಬ್ಬಾಳದ ತರ ಊರೊಳಗೇ ಓಡಿಸೋ ಹಾಗಾದರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ.

ಉತ್ತರ: ಆರ್‌ಸಿ_ಕಾರ್ಡು

ಇಂಜಿನ್ ವಿಚಾರ ಬಲ್ಲೋರು ಹೇಳಿದ್ದಾರೆ. ಕಾಗದದ ವಿಷಯಕ್ಕೆ ಬರ್ತೀನಿ.

ಡೆಲ್ಲಿ ಅಬಾರ್ತ್ 4.2 ಲಕ್ಷ ಅಂತ ಅಗ್ಗ ಅನ್ಕೋಬೇಡಿ. ಅಲ್ಲಿಂದ ಎನ್‌ಒಸಿ (ಫಾರ್ಮ್ 28) ತರಬೇಕು, ಇಲ್ಲಿ ಮರು ನೋಂದಣಿ ಮಾಡಿಸಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಹೊಸ ಗಾಡಿಗೆ 5ರಿಂದ 10 ಲಕ್ಷದವರೆಗೆ 14%, 10 ದಾಟಿ 20 ಲಕ್ಷದವರೆಗೆ 17% ಇರೋ ರಾಜ್ಯ ನಮ್ಮದು. ಹಳೇ ಗಾಡಿಗೆ ವಯಸ್ಸಿನ ಮೇಲೆ ಇಳಿಯುತ್ತೆ, ಆದರೂ ಹಗುರ ಇರಲ್ಲ. ಆರ್‌ಟಿಒದಲ್ಲಿ ಮೊತ್ತ ಎಷ್ಟಾಗುತ್ತೆ ಅಂತ ತಿಳಿದುಕೊಂಡ ಮೇಲೇ ಬೆಲೆ ಮಾತಾಡಿ. ಗಾಡಿ ವಿಷಯ ಹೇಳಬೇಕಂದ್ರೆ 145 ಪಿಎಸ್, 212 ಎನ್‌ಎಂ, ಈ ಪಟ್ಟಿಯಲ್ಲಿ ಅದಕ್ಕೆ ಸಮ ಇಲ್ಲ. ಆದರೆ ಫಿಯಟ್ ಇಲ್ಲಿ ಮಾರಾಟ ನಿಲ್ಲಿಸಿ ವರ್ಷಗಳಾದವು, ಹೆಡ್‌ಲೈಟ್, ಬಂಪರ್ ಒಡೆದರೆ ತಿಂಗಳುಗಟ್ಟಲೆ ಹುಡುಕಾಟ. ನೆಲದಿಂದ ಎತ್ತರ 155 ಮಿ.ಮೀ. ಪಾಂಡವಪುರದ ಕಡೆ ಹಳ್ಳಿ ಹಂಪ್‌ಗಳ ಮೇಲೆ ನಾಲ್ಕು ಜನ ಕೂತರೆ ಹೊಟ್ಟೆ ಉಜ್ಜೋದು ಖಂಡಿತ. ದಿನಾ ಓಡಿಸೋ ಗಾಡಿ ಅದಲ್ಲ.

ಕೆಎ-09, ಕೆಎ-55, ಕೆಎ-11 ಯಾವುದಾದರೂ ಸರಿ, ಅಡ್ವಾನ್ಸ್ ಕೊಡೋಕೆ ಮುಂಚೆ ಪರಿವಾಹನ್ ಸೈಟಲ್ಲಿ ನಂಬರ್ ಹಾಕಿ ಲೋನ್ ಬಾಕಿ, ಇನ್ಶೂರೆನ್ಸ್, ಚಲನ್ ನೋಡಿ. ಲೋನ್ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ. ವರ್ಗಾವಣೆಗೆ ಫಾರ್ಮ್ 29, 30. ಖಾಲಿ ಫಾರ್ಮ್‌ಗೆ ಸಹಿ ಹಾಕಿಸಿ ಡೀಲರ್ ಇಟ್ಟುಕೊಳ್ಳೋ ಪದ್ಧತಿ ಇದೆ, ಅದಕ್ಕೆ ಒಪ್ಪಬೇಡಿ. ಗಾಡಿ ನಿಮ್ಮ ಹೆಸರಿಗೆ ಬಂದ 14 ದಿನದೊಳಗೆ ಇನ್ಶೂರೆನ್ಸ್ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಹಿಂದಿನ ಓನರ್‌ನ ಎನ್‌ಸಿಬಿ (ಕ್ಲೈಮ್ ಮಾಡದ್ದಕ್ಕೆ ಸಿಗೋ ರಿಯಾಯಿತಿ) ನಿಮಗೆ ಬರಲ್ಲ, ಆ ವ್ಯತ್ಯಾಸ ಕಟ್ಟಬೇಕಾಗುತ್ತೆ. ರೀಮ್ಯಾಪ್, ದೊಡ್ಡ ಎಕ್ಸಾಸ್ಟ್ ಇರೋ ಗಾಡಿಯಾದರೆ, ಅದನ್ನ ತಿಳಿಸದೇ ಇದ್ದದ್ದಕ್ಕೆ ಆಕ್ಸಿಡೆಂಟ್ ಕ್ಲೈಮ್ ನಿರಾಕರಿಸಬಹುದು.

ವಿಸಿನಾಲೆ_11

ಎಲ್ರಿಗೂ ಧನ್ಯವಾದ. ಬಿಎಂಡಬ್ಲ್ಯು, ಅಬಾರ್ತ್ ಎರಡೂ ಬಿಟ್ಟೆ. ಶನಿವಾರ 1.0 ಟಿಎಸ್‌ಐ ನೋಡೋಕೆ ಹೋಗ್ತೀನಿ, ಅದು ಆಗದಿದ್ದರೆ ಬಲೆನೊ ಆರ್‌ಎಸ್. ಗಾಡಿ ಹತ್ರ ನಿಂತು ಏನೇನು ನೋಡಬೇಕು?

ಉತ್ತರ: ಮೇಟಗಳ್ಳಿ_ಟರ್ಬೊ

ಬೆಳಗ್ಗೆ ಹೋಗಿ, ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮೊದಲೇ ಹೇಳಿ. ಬಾನೆಟ್ ಮೇಲೆ ಕೈ ಇಡಿ, ಬೆಚ್ಚಗಿದ್ದರೆ ಸಂಜೆ ಮತ್ತೆ ಬನ್ನಿ. ತಣ್ಣಗಿರುವಾಗಲೇ ಕೂಲಂಟ್ ಡಬ್ಬಿ ನೋಡಿ: ಮಟ್ಟ ಕಡಿಮೆ ಇದ್ದು, ಥರ್ಮೋಸ್ಟಾಟ್ ಹೌಸಿಂಗ್ ಸುತ್ತ ಒಣಗಿದ ಗುಲಾಬಿ ಕಲೆ ಇದ್ದರೆ ಅಲ್ಲಿ ಸೋರುತ್ತಿದೆ. ಬರೀ ನೀರು ತುಂಬಿಸಿದ್ದರೆ ಬಣ್ಣ ತೆಳು ಇರುತ್ತೆ. ಸ್ಟಾರ್ಟ್ ಮಾಡಿ ನಾಲ್ಕು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ಆಕ್ಸಿಲರೇಟರ್ ಒತ್ತಿ, ಒಬ್ಬರು ಹಿಂದೆ ನಿಂತಿರಲಿ. ನೀಲಿ ಹೊಗೆ ಬಂದರೆ ಟರ್ಬೊ ಸೀಲ್ ಹೋಗಿದೆ ಅಥವಾ ಇಂಜಿನ್ನೇ ಆಯಿಲ್ ಸುಡ್ತಿದೆ. ಮೂರು ಸಿಲಿಂಡರ್ ಇಂಜಿನ್, ಸ್ವಲ್ಪ ಅದುರೋದು ಸಹಜ. ತಾಳ ತಪ್ಪಿದರೆ ಇಗ್ನಿಷನ್ ಕಾಯಿಲ್ ಅಥವಾ ಪ್ಲಗ್.

ಓಬಿಡಿ ಸ್ಕ್ಯಾನರ್ ಇರೋ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ. ಕೋಡ್ ಇಲ್ಲ ಅಂದ ಮಾತ್ರಕ್ಕೆ ನಂಬಬೇಡಿ, ರೆಡಿನೆಸ್ ಮಾನಿಟರ್ (ಗಾಡಿ ತನ್ನನ್ನ ತಾನೇ ಪರೀಕ್ಷೆ ಮಾಡಿ ಮುಗಿಸಿದೆಯಾ ಅಂತ ತೋರಿಸೋದು) ನೋಡಿಸಿ. ನೀವು ಬರೋ ಮುಂಚೆ ಕೋಡ್ ಅಳಿಸಿದ್ದರೆ ಹಲವು ಮಾನಿಟರ್ 'ರೆಡಿ ಇಲ್ಲ' ಅಂತ ತೋರಿಸುತ್ತವೆ. ಇದೊಂದನ್ನ ಮುಚ್ಚಿಡೋದು ಅವರಿಗೆ ಕಷ್ಟ.

ಓಡಿಸುವಾಗ ಖಾಲಿ ಸರ್ವೀಸ್ ರಸ್ತೆಯಲ್ಲಿ ನಾಲ್ಕನೇ ಗೇರ್, 40ರ ವೇಗ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮೇಲೆ ಹಾರಿ ವೇಗ ಹಿಂದೆ ಉಳಿದರೆ ಕ್ಲಚ್ ಜಾರ್ತಿದೆ. 80ರಿಂದ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಸರಿ ಇಲ್ಲ. ಹಂಪ್ ಮೇಲೆ ನಿಧಾನಕ್ಕೆ ಒಂದೇ ಕಡೆ ಚಕ್ರ ಹತ್ತಿಸಿ: ಟಕ್ ಅಂದರೆ ಲಿಂಕ್ ರಾಡ್, ಕಡಿಮೆ ಖರ್ಚು. ಗುಡ್ ಅಂತ ಭಾರವಾಗಿ ಬಡಿದರೆ ಸ್ಟ್ರಟ್ ಮೌಂಟ್ ಅಥವಾ ಲೋಯರ್ ಆರ್ಮ್ ಬುಷ್.

ಸೀಟ್ ಬೆಲ್ಟನ್ನ ಕೊನೆವರೆಗೂ ಎಳೆದು ನೋಡಿ, ಕೆಸರಿನ ಗೆರೆ ಇದ್ದರೆ ನೀರಲ್ಲಿ ಮುಳುಗಿದ ಗಾಡಿ. ಸ್ಟೆಪ್ನಿ ಎತ್ತಿ ಕೆಳಗಿನ ತಗಡು ನೋಡಿ. ಫೆಂಡರ್ ಬೋಲ್ಟ್‌ಗಳ ತಲೆಯ ಬಣ್ಣ ಕಿತ್ತಿದ್ದರೆ ಟಿಂಕರಿಂಗ್ ಆಗಿದೆ. ಟೈರಿನ ಮೇಲಿನ ನಾಲ್ಕಂಕಿ, ಉದಾಹರಣೆಗೆ 2320 ಅಂದರೆ 2020ರ 23ನೇ ವಾರ ತಯಾರಾದದ್ದು. 44 ಸಾವಿರ ಓಡಿರೋ ಗಾಡಿಗೆ ಈಗಾಗಲೇ ಎರಡನೇ ಸೆಟ್ ಟೈರೂ ಸವೆದಿದ್ದರೆ ಮೀಟರ್ ತಿರುಗಿಸಿರೋ ಅನುಮಾನ ಪಡಿ, ಸರ್ವೀಸ್ ದಾಖಲೆಯಲ್ಲಿ ಪ್ರತಿ ಸಲದ ಕಿ.ಮೀ. ಹೊಂದಿಸಿ ನೋಡಿ.

6.7 ಕೊಟ್ಟರೆ ಕೈಯಲ್ಲಿ ಏನೂ ಉಳಿಯಲ್ಲ. 6.2ಕ್ಕೆ ಇಳಿಸಿ. ಆಯಿಲ್, ಪ್ಲಗ್, ಬ್ರೇಕ್ ಫ್ಲೂಯಿಡ್, ನಾಲ್ಕು ಟೈರು ತಗೊಂಡ ತಿಂಗಳಲ್ಲೇ ಆಗಬೇಕು.

ಉತ್ತರ: ಕಬ್ಬಿನ_ರೋಡು

ತಗೊಂಡ ಮೇಲೆ ಎರಡು ವಿಷಯ. ಗಣಂಗೂರು ಟೋಲ್‌ಗೆ 2025ರ ಆಗಸ್ಟ್ 15ರಿಂದ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ (ಶುರುವಿಗೆ ₹3,000) ಹಾಕಿಸಿ. ಅದು ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಹೋಗೋದು ಒಂದು, ಬರೋದು ಒಂದು ಅಂತ ಲೆಕ್ಕ, ಅಂದರೆ ನಿಮಗೆ 100 ಕೆಲಸದ ದಿನಕ್ಕೆ ಮುಗಿಯುತ್ತೆ. ಟೋಲ್‌ನವರ ತಿಂಗಳ ಪಾಸ್ ಜೊತೆ ಹೋಲಿಸಿ ಯಾವುದು ಅಗ್ಗವೋ ಅದನ್ನ ಹಿಡಿಯಿರಿ.

ಎರಡನೇದು, ಭಾನುವಾರದ ಓಟಕ್ಕೆ ನಾಲೆ ಏರಿ ರಸ್ತೆಗಳನ್ನ ಆರಿಸಬೇಡಿ. ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಕಾರು ಬಿದ್ದು ಎಷ್ಟು ಜನ ಹೋಗಿದ್ದಾರೆ ಅಂತ ನಿಮಗೇ ಗೊತ್ತು, ತಡೆಗೋಡೆ ಎಲ್ಲ ಕಡೆ ಇಲ್ಲ. ಕಬ್ಬು ಅರೆಯೋ ಕಾಲದಲ್ಲಿ ಬೆಳಗಿನ ಜಾವ ಹಿಂದೆ ಲೈಟಿಲ್ಲದ ಗಾಡಿಗಳು ಇರುತ್ತವೆ, ಮೇಲುಕೋಟೆ ಕಡೆಗೆ ಬೆಳಕು ಹರಿದ ಮೇಲೇ ಹೊರಡಿ. ಅದೇ ಕಾಲದಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ, ಸರ್ವೀಸ್ ದಿನಕ್ಕೆ ಕಾಯದೆ ಮಧ್ಯೆ ಒಮ್ಮೆ ತೆಗೆದು ನೋಡಿ.