ಸ್ವಿಸ್ ಕೆ31 ರೈಫಲ್: ಬೋಲ್ಟ್ ಬಿಗಿ, ಗುಂಡು ಮೇಲೆ. ಗನ್‌ಸ್ಮಿತ್ ಅವರಿಗೆ ಕೇಳಿ

ಪ್ರಶ್ನೆ (ಆಸ್ಟಿನ್, ಟೆಕ್ಸಸ್): ನಮಸ್ಕಾರ ಸರ್. ನನ್ನದು ಗ್ರೀನ್ ಕಾರ್ಡ್, ಊರು ಹಾಸನ ಕಡೆ. ಇಲ್ಲಿ ಹಳೇ ಬಂದೂಕಿನ ಅಂಗಡಿಯೊಂದರಲ್ಲಿ ಸ್ವಿಟ್ಜರ್ಲೆಂಡಿನ ಕೆ31 ರೈಫಲ್ ತಗೊಂಡೆ. ತೋಟಾ ಒಳಗೆ ತಳ್ಳಿ ಬೀಗ ಹಾಕೋ ಬೋಲ್ಟ್ ಇದೆಯಲ್ಲ, ಅದರ ಹಿಡಿಯನ್ನು ಎತ್ತಿ ತಿರುಗಿಸೋ ಹಾಗಿಲ್ಲ, ನೇರ ಹಿಂದಕ್ಕೆ ಎಳೆಯಬೇಕು. ಖಾಲಿ ಇದ್ದಾಗ ಬೆಣ್ಣೆ ಥರ ಬರುತ್ತೆ. ಗುಂಡು ಹೊಡೆದ ಮೇಲೆ ಮಾತ್ರ ಜಪ್ಪಯ್ಯ ಅಂದ್ರೂ ಬರಲ್ಲ. ಒಂದು ಸಲ ಮರದ ಸುತ್ತಿಗೆ ತಗೊಳ್ಳೋಣ ಅನ್ನಿಸಿತ್ತು. ಇನ್ನೊಂದು, 100 ಗಜದಲ್ಲಿ ಗುಂಡೆಲ್ಲಾ ಗುರಿಗಿಂತ ಮೇಲೆ ಬೀಳ್ತಿದೆ. ನಳಿಗೆ ಮೇಲೆ ಅಮೆರಿಕದ ಯಾವುದೋ ಊರಿನ ಹೆಸರು ಬೇರೆ ಕೊರೆದಿದೆ. ನನಗೆ ನಕಲಿ ಮಾಲು ಅಂಟಿಸಿದ್ರಾ?

ಉತ್ತರ: ನಮಸ್ಕಾರ. ಸುತ್ತಿಗೆ ಮುಟ್ಟದೇ ಇದ್ದದ್ದು ಒಳ್ಳೇದಾಯ್ತು.

ಮೊದಲು ಚಿಕ್ಕ ವಿಷಯ. ನಕಲಿ ಅಲ್ಲ. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಹೊರದೇಶದಿಂದ ತರಿಸಿದವರು ತಮ್ಮ ಹೆಸರು, ಊರು, ತೋಟಾದ ಅಳತೆ, ತಯಾರಾದ ದೇಶ ಎಲ್ಲವನ್ನೂ ರೈಫಲ್ ಮೇಲೆ ಕೊರೆಸಲೇಬೇಕು. ಅದು ಆಮದಿನ ಗುರುತು, ಅಷ್ಟೆ.

ಈಗ ಬೋಲ್ಟ್. ಒಳಗೆ ಏನು ನಡೀತಿದೆ ಅಂತ ಗೊತ್ತಾದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತೆ. ಮ್ಯಾಗಜೀನ್ ತೆಗೆದು, ತೋಟಾ ಕೂರೋ ಚೇಂಬರ್ ಖಾಲಿ ಇದೆ ಅಂತ ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಂಡು, ಹಿಡಿಯನ್ನು ನಿಧಾನಕ್ಕೆ ಎಳೆದು ನೋಡಿ. ಮೊದಲು ಪಕ್ಕದ ಸರಳು ಮಾತ್ರ ಹಿಂದೆ ಸರಿಯುತ್ತೆ. ಆ ಸರಳಿನ ಮೊಳೆ ಬೋಲ್ಟಿನ ಹೊರಕೊಳವೆಗೆ ಕೊರೆದ ಸುರುಳಿ ತೋಡಿನಲ್ಲಿ ಓಡಿ ಆ ಕೊಳವೆಯನ್ನು ತಿರುಗಿಸುತ್ತೆ. ಬೀಗದ ಲಗ್ಗುಗಳು, ಅಂದ್ರೆ ಬೋಲ್ಟನ್ನು ಹಿಡಿದಿಡೋ ಹಲ್ಲುಗಳು, ಬಿಟ್ಟ ಮೇಲೇ ಇಡೀ ಬೋಲ್ಟ್ ಹಿಂದಕ್ಕೆ ಬರೋದು. ಮೌಸರ್ ಥರದ ರೈಫಲ್‌ನಲ್ಲಿ ಹಿಡಿ ಮೇಲೆತ್ತುವಾಗಲೇ ಸನ್ನೆ ಹಾಕಿದಂತಾಗಿ, ಚೇಂಬರ್ ಗೋಡೆಗೆ ಕಚ್ಚಿಕೊಂಡ ಖಾಲಿ ತೋಟಾ ಸಡಿಲ ಆಗುತ್ತೆ. ಇದರಲ್ಲಿ ಆ ಸನ್ನೆಯ ಬಲ ಕಮ್ಮಿ. ಹಾಗಾಗಿ ತೋಟಾ ಸ್ವಲ್ಪ ದಪ್ಪ ಇದ್ದರೂ, ಚೇಂಬರ್ ಸ್ವಲ್ಪ ಕೊಳೆ ಆಗಿದ್ದರೂ ಕೈಗೆ ತಕ್ಷಣ ಗೊತ್ತಾಗುತ್ತೆ.

ನೀವು ಯಾವ ತೋಟಾ ಹಾಕ್ತಿದ್ದೀರಿ, ಎಲ್ಲಿಂದ ತಂದಿದ್ದು? ಅದು ಗೊತ್ತಾಗದೆ ಮುಂದೆ ಹೇಳಲ್ಲ.

ಪ್ರಶ್ನೆ ಕೇಳಿದವರು: ರೈಫಲ್ ಜೊತೆ ಅಂಗಡಿಯವನೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟ ಸರ್. ಹಳೇ ಮಾಲೀಕ ಮನೆಯಲ್ಲೇ ತುಂಬಿಸಿದ್ದಂತೆ.

ಉತ್ತರ: ಅದನ್ನು ಇವತ್ತೇ ಪಕ್ಕಕ್ಕಿಡಿ. ಯಾರೋ ಮನೆಯಲ್ಲಿ ತುಂಬಿದ್ದನ್ನು ಇನ್ನೊಬ್ಬರು ಹೊಡೆಯಬಾರದು. ಎಷ್ಟು ಮದ್ದು ಹಾಕಿದ್ದಾರೋ, ಯಾವ ಮದ್ದೋ, ಹೇಳೋರು ಯಾರೂ ಇಲ್ಲ. ಈ ರೈಫಲ್ ವಿಷಯದಲ್ಲಿ ಇನ್ನೂ ಎರಡು ಕಾರಣ ಇದೆ. ಒಂದು ಸಲ ಹೊಡೆದ ತೋಟಾವನ್ನು ಪೂರ್ತಿ ಉದ್ದಕ್ಕೂ ಮತ್ತೆ ಅಳತೆಗೆ ಒತ್ತದಿದ್ದರೆ ಬೋಲ್ಟ್ ಬಿಗಿಯಾಗುತ್ತೆ, ನಿಮಗೆ ಆಗ್ತಿರೋದು ಬಹುಶಃ ಅದೇ. ಎರಡನೇದು, ಕೆ31ರ ಚೇಂಬರ್ ಮುಂದೆ ನಳಿಗೆಯೊಳಗಿನ ಸುರುಳಿ ತೋಡುಗಳು (ರೈಫ್ಲಿಂಗ್) ಶುರುವಾಗೋ ಜಾಗ ಬಹಳ ಹತ್ತಿರ. ಗುಂಡನ್ನು ತೋಟಾದಲ್ಲಿ ಸಾಕಷ್ಟು ಒಳಕ್ಕೆ ಕೂರಿಸದಿದ್ದರೆ ಅದರ ಮೂತಿ ರೈಫ್ಲಿಂಗ್‌ಗೆ ಹೋಗಿ ಒತ್ತಿಕೊಳ್ಳುತ್ತೆ, ಒತ್ತಡ ಏರುತ್ತೆ.

ಸ್ವಿಸ್ ಸೇನೆಯ ಜಿಪಿ11 ತೋಟಾ ಸಿಕ್ಕರೆ ಅದು ಬಂಗಾರ. 174 ಗ್ರೇನ್ ಗುಂಡು, ಸೆಕೆಂಡಿಗೆ ಸುಮಾರು 780 ಮೀಟರ್ ವೇಗ. ಈ ರೈಫಲ್ ಹುಟ್ಟಿದ್ದೇ ಅದಕ್ಕೆ. ಬುಡದಲ್ಲಿ ಮದ್ದಿಗೆ ಕಿಡಿ ಕೊಡೋ ಪ್ರೈಮರ್ ಅದರಲ್ಲಿ ಬರ್ಡಾನ್ ಜಾತಿಯದ್ದು, ಬದಲಿಸೋದು ಕಷ್ಟ, ಹಾಗಾಗಿ ಖಾಲಿ ತೋಟಾ ಮತ್ತೆ ತುಂಬೋ ಆಸೆ ಬೇಡ. ಸಿಗದಿದ್ದರೆ ಸರ್ಬಿಯಾದ ಪ್ರ್ವಿ ಪಾರ್ಟಿಜಾನ್ ಕಂಪನಿಯದ್ದು ಸಾಕು. ಡಬ್ಬಿ ಮೇಲೆ 7.5×55 ಸ್ವಿಸ್ ಅಂತ ಇದೆಯಾ ನೋಡಿಯೇ ತಗೊಳ್ಳಿ. 7.5×54 ಅನ್ನೋದು ಫ್ರೆಂಚರ ತೋಟಾ, ಬೇರೆಯೇ ವಸ್ತು. ಅಂಗಡಿ ಹುಡುಗರು ಗಡಿಬಿಡಿಯಲ್ಲಿ ಅದನ್ನೇ ಎತ್ತಿ ಕೊಡೋದುಂಟು.

ಹೊಡೆಯೋ ಮೊದಲು ಚೇಂಬರ್ ತೊಳೆಯಿರಿ. ಜಿಪಿ11ರ ಕತ್ತಿನ ಸುತ್ತ ಮೇಣದಂಥ ಪಟ್ಟಿ ಇರುತ್ತೆ, ಅದು ಬಿಸಿಗೆ ಕರಗಿ ಚೇಂಬರ್‌ನಲ್ಲಿ ಕೂರುತ್ತೆ. ಮೇಲಿಂದ ದಶಕಗಳ ಹಳೇ ಗ್ರೀಸ್. ಬೋಲ್ಟ್ ಹೊರತೆಗೆದು, ಚೇಂಬರ್ ಬ್ರಷ್‌ಗೆ ಸಾಲ್ವೆಂಟ್ ಹಚ್ಚಿ ಉಜ್ಜಿ, ಬಟ್ಟೆ ಕಪ್ಪಾಗದೆ ಬರೋ ತನಕ ಒರೆಸಿ. ಚೇಂಬರ್ ಒಣಗಿರಬೇಕು, ಲಗ್ಗು ಮತ್ತು ಬೋಲ್ಟಿನ ಸುರುಳಿ ತೋಡಿಗೆ ಮಾತ್ರ ತೆಳ್ಳಗೆ ಗ್ರೀಸ್. ಜೊತೆಗೆ ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ತೋಟಾಗೆ ಉಳಿಯೋ ಜಾಗದ ಅಳತೆ) ಒಮ್ಮೆ ಹತ್ತಿರದ ಗನ್‌ಸ್ಮಿತ್ ಹತ್ತಿರ ನೋಡಿಸಿಬಿಡಿ.

ಆಮೇಲೆ ಎಳೆಯೋ ರೀತಿ. ಹೊಸಬರು ಎಲ್ಲಿ ಮುರಿಯುತ್ತೋ ಅಂತ ಹೆದರಿ ಹೆದರಿ ಎಳೀತಾರೆ. ಬಟ್ ಭುಜಕ್ಕೆ ಒತ್ತಿರಲಿ, ನಳಿಗೆ ಗುರಿಯ ಕಡೆಯೇ ಇರಲಿ, ಒಂದೇ ಜೋರಿನಲ್ಲಿ ಕೊನೇ ತನಕ ಎಳೆಯಿರಿ, ಅಷ್ಟೇ ಜೋರಲ್ಲಿ ಮುಂದಕ್ಕೆ ತಳ್ಳಿ. ಅರ್ಧಕ್ಕೆ ನಿಲ್ಲಿಸಿದರೇ ಅದು ಮುನಿಸಿಕೊಳ್ಳೋದು.

ಗುಂಡು ಮೇಲೆ ಬೀಳೋದಕ್ಕೆ, ಹಿಂದಿನ ಸೈಟ್ ಎಷ್ಟರಲ್ಲಿದೆ ನೋಡಿ. ಅದರ ಅಂಕಿ ಮೀಟರ್ ಲೆಕ್ಕ, 1 ಅಂದ್ರೆ 100, 15 ಅಂದ್ರೆ 1500. ಸ್ವಿಸ್ ಜನ ಗುರಿ ಕಲಿಯೋದು 300 ಮೀಟರಿಗೆ. ಸೈಟ್ 3ರಲ್ಲೇ ಬಿಟ್ಟು 100 ಗಜಕ್ಕೆ ಹೊಡೆದರೆ ಮೇಲೆ ಬೀಳದೆ ಎಲ್ಲಿಗೆ ಹೋಗುತ್ತೆ! 1ಕ್ಕೆ ಇಳಿಸಿದ ಮೇಲೂ ಸ್ವಲ್ಪ ಮೇಲೆ ಬಿದ್ದರೆ ಕಪ್ಪು ವೃತ್ತದ ಬುಡಕ್ಕೆ ಗುರಿ ಇಡಿ, ಸಾಕು. ಎಡ ಬಲ ಸರಿಪಡಿಸಬೇಕಾದರೆ ಮುಂದಿನ ಸೈಟ್ ಸರಿಸಬೇಕು. ಅದು ಓರೆಯಾಗಿ ಕೂತಿದೆ, ಅದಕ್ಕೆಂದೇ ಟೂಲ್ ಬರುತ್ತೆ. ಅಲ್ಲಿಗೂ ಸುತ್ತಿಗೆ ಬೇಡ.

ಇನ್ನೊಬ್ಬರು (ನ್ಯೂಜೆರ್ಸಿ): ಸರ್, ನಾನು ಎಚ್1ಬಿ ವೀಸಾದಲ್ಲಿ ಇದ್ದೀನಿ. ತಗೊಳ್ಳೋದೆಲ್ಲ ಬೇಡ, ಗೆಳೆಯನ ಜೊತೆ ರೇಂಜ್‌ಗೆ ಹೋಗಿ ಒಂದೆರಡು ಗುಂಡು ಹೊಡೆದು ಬರಬಹುದಲ್ವಾ?

ಉತ್ತರ: ಈ ಪ್ರಶ್ನೆಗೆ ನಗಬೇಡಿ ಅಂತ ಎಲ್ಲರಿಗೂ ಹೇಳ್ತೀನಿ, ಎಷ್ಟೋ ಜನ ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳೋ ಜಾಗ ಇದು. ಎಚ್1ಬಿಯಂಥ ನಾನ್ ಇಮಿಗ್ರೆಂಟ್ (ತಾತ್ಕಾಲಿಕ) ವೀಸಾದಲ್ಲಿ ಬಂದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳೋದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸಿದೆ. ರೇಂಜ್‌ನಲ್ಲಿ ಬಾಡಿಗೆಗೆ ಕೈಗೆ ತಗೊಂಡರೂ ಕಾನೂನಿನ ಲೆಕ್ಕದಲ್ಲಿ ಅದು ಇಟ್ಟುಕೊಂಡಂತೆಯೇ. ಕೆಲವು ವಿನಾಯಿತಿ ಇದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ನಿಮ್ಮ ಹೆಸರಲ್ಲಿದ್ದರೆ ಅದು ಅದರಲ್ಲೊಂದು. ಆದರೆ ನ್ಯೂಜೆರ್ಸಿಯ ಸ್ವಂತ ನಿಯಮಗಳು ಬಹಳ ಬಿಗಿ, ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ನಾಳೆ ಗ್ರೀನ್ ಕಾರ್ಡ್ ಅರ್ಜಿಯ ಹೊತ್ತಿಗೆ ತಲೆಬಿಸಿ ಯಾಕೆ?

ಇನ್ನೊಬ್ಬರು (ಮಡಿಕೇರಿ ಮೂಲ, ಈಗ ಒಹಾಯೊ): ಅಣ್ಣ, ನನ್ನ ಹತ್ತಿರಾನೂ ಒಂದು ಕೆ31 ಉಂಟು. ವಾಪಸ್ ಊರಿಗೆ ಹೋಗುವಾಗ ತಗೊಂಡು ಹೋಗಬಹುದಾ? ಕೊಡವರಿಗೆ ಲೈಸೆನ್ಸ್ ಬೇಡ ಅಲ್ವಾ. ಕೈಲ್‌ಪೊಳ್ದಿಗೆ ಪೂಜೆಗಿಟ್ಟು ತೆಂಗಿನಕಾಯಿಗೆ ಹೊಡೆಯೋ ಆಸೆ.

ಉತ್ತರ: ಆಸೆ ಅರ್ಥ ಆಗುತ್ತೆ ತಮ್ಮಾ, ನಾನೂ ಆ ಕಡೆಯವನೇ. ಆದರೆ ವಿನಾಯಿತಿ ಇರೋದು ಕೊಡವರು ಮತ್ತು ಜಮ್ಮಾ (ಕೊಡಗಿನ ಪಾರಂಪರಿಕ ಜಮೀನು) ಹಿಡುವಳಿದಾರರು ಅಲ್ಲಿ ಕೋವಿ ಇಟ್ಟುಕೊಳ್ಳೋದಕ್ಕೆ. 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದರು. ಹೊರದೇಶದಿಂದ ತರೋದು ಬೇರೆಯೇ ವಿಷಯ, ಅದಕ್ಕೆ ಅನುಮತಿ, ಕಸ್ಟಮ್ಸ್, ಸುಂಕ ಎಲ್ಲಾ ಉಂಟು. ಈ ಕಡೆ ಅಮೆರಿಕದಿಂದ ಹೊರಗೆ ಕಳಿಸೋದಕ್ಕೂ ನಿಯಮ ಉಂಟು. ಎಲ್ಲಾ ದಾಟಿ ಹೋದರೂ 7.5 ಸ್ವಿಸ್ ತೋಟಾ ಮಡಿಕೇರಿಯಲ್ಲಿ ಎಲ್ಲಿಂದ ತರ್ತೀಯಾ? ತೆಂಗಿನಕಾಯಿಗೆ ಮನೆಯ ಜೋಡುನಳಿಗೆಯೇ ಚೆಂದ.

ಇನ್ನೊಬ್ಬರು: ನನ್ನದೂ ಸ್ವಿಸ್ ರೈಫಲ್ಲೇ, ಆದರೆ ಉದ್ದ ಇದೆ, 1889ರ ಮಾದರಿ ಅಂತ. ಇದಕ್ಕೂ ಜಿಪಿ11 ಹಾಕಬಹುದಾ? ಒಳಗೆ ಸರಿಯಾಗಿ ಕೂರುತ್ತೆ ಅಂತ ಹೇಳಿದ್ರು.

ಉತ್ತರ: ಹಾಕಲೇಬೇಡಿ. ರುಡಾಲ್ಫ್ ಸ್ಮಿತ್ ಮಾಡಿದ ಆ ಹಳೇ ಬೋಲ್ಟಿನ ಬೀಗ ಹಿಂಭಾಗದಲ್ಲಿದೆ. ಅದನ್ನು ಮಾಡಿದ್ದು ಕಮ್ಮಿ ಒತ್ತಡದ ಹಳೇ ತೋಟಾಗೆ. ಜಿಪಿ11 ಬಂದಿದ್ದು 1911ರಲ್ಲಿ, ಒತ್ತಡ ಜಾಸ್ತಿ. ಕೂರುತ್ತೆ ಅನ್ನೋದು ಹೊಡೆಯಬಹುದು ಅನ್ನೋದಕ್ಕೆ ಸಾಕ್ಷಿ ಅಲ್ಲ. ಗೋಡೆಗೆ ಹಾಕಿಕೊಳ್ಳಿ. ಕೆ31ರಲ್ಲಿ ಲಗ್ಗುಗಳನ್ನು ಮುಂದಕ್ಕೆ ತಂದು ಬೋಲ್ಟ್ ಗಿಡ್ಡ ಮಾಡಿದರು. ಹಾಗಾಗಿ ಅದು ಗಟ್ಟಿಯೂ ಆಯ್ತು, ಒಟ್ಟು ಉದ್ದ ಹೆಚ್ಚದೆ ಉದ್ದ ನಳಿಗೆಯೂ ಸಿಕ್ಕಿತು. ಜನ ಎರಡನ್ನೂ ಸ್ಮಿತ್ ರೂಬಿನ್ ಅಂತಲೇ ಕರೆಯೋದರಿಂದ ಬಂದಿರೋ ಗೊಂದಲ ಇದು.

ಆಸ್ಟಿನ್‌ನವರು ಮತ್ತೆ: ಸರ್, ಚೇಂಬರ್ ತೊಳೆದು ಸರ್ಬಿಯಾದ ತೋಟಾ ಹಾಕಿದೆ. ಬೋಲ್ಟ್ ಸಲೀಸು. ಸೈಟ್ ನಿಜವಾಗಲೂ 3ರಲ್ಲೇ ಇತ್ತು! ಈಗ ಸ್ಕೋಪ್ ಹಾಕಿಸಿ, ಏಟು ಬಿದ್ದಿರೋ ಬಟ್ ಮರವನ್ನೂ ಉಜ್ಜಿ ಪಾಲಿಶ್ ಮಾಡಿಸೋಣ ಅಂತಿದ್ದೀನಿ.

ಉತ್ತರ: ಮರ ಮುಟ್ಟಬೇಡಿ ಅನ್ನೋದು ನನ್ನ ಮಾತು. ಬಟ್ಟಿನ ಕೆಳಭಾಗ ಜಜ್ಜಿರೋದು ಹೆಚ್ಚುಕಮ್ಮಿ ಎಲ್ಲಾ ಕೆ31ನಲ್ಲೂ ಇದ್ದದ್ದೇ. ಉಜ್ಜೋ ಬದಲು ಬಟ್ ತುದಿಯ ತಗಡಿನ ಎರಡು ಸ್ಕ್ರೂ ಬಿಚ್ಚಿ ನೋಡಿ. ಅದೃಷ್ಟ ಇದ್ದರೆ ಒಳಗೆ ಒಂದು ಸಣ್ಣ ಚೀಟಿ ಇರುತ್ತೆ, ಅದನ್ನು ಹೊತ್ತ ಸೈನಿಕನ ಹೆಸರು, ತುಕಡಿ, ಊರು ಬರೆದಿರುತ್ತೆ. ಕಾಗದ ಪುಡಿಯಾಗಿರಬಹುದು, ಚಿಮಟದಲ್ಲಿ ಎತ್ತಿ. ಫೋಟೊ ಇಲ್ಲಿ ಹಾಕೋದಾದರೆ ವಿಳಾಸ ಮುಚ್ಚಿ ಹಾಕಿ, ಆತನ ಮನೆಯವರು ಅಲ್ಲೇ ಇರಬಹುದು. ಬೋಲ್ಟ್ ಕೂರೋ ಲೋಹದ ಭಾಗ, ಅಂದ್ರೆ ರಿಸೀವರ್ ಮೇಲೆ ಇಂಗ್ಲಿಷಿನ ಪಿ ಅಕ್ಷರದ ಮುದ್ರೆ ಇದ್ದರೆ ಸೇವೆ ಮುಗಿದ ಮೇಲೆ ಅದು ಖಾಸಗಿಯವರ ಸ್ವತ್ತಾಗಿತ್ತು ಅಂತ.

ಸ್ಕೋಪ್ ಹಾಕಬಹುದು. ಆದರೆ ಖಾಲಿ ತೋಟಾ ಮೇಲಕ್ಕೆ ಚಿಮ್ಮುತ್ತೆ, ನಡುಮಧ್ಯ ಸ್ಕೋಪ್ ಕೂರಿಸಿದರೆ ಅದಕ್ಕೇ ಬಡಿಯುತ್ತೆ. ಪಕ್ಕಕ್ಕೆ ಸರಿದು ಕೂರೋ, ರಂಧ್ರ ಕೊರೆಯದೆ ಕಚ್ಚಿ ಹಿಡಿಯೋ ಮೌಂಟ್ ಸಿಗುತ್ತೆ, ಅದನ್ನೇ ತಗೊಳ್ಳಿ. ಡ್ರಿಲ್ ಮಾಡಿಸಿದರೆ ಬೆಲೆ ಅರ್ಧ ಹೋಯ್ತು ಅಂತ್ಲೇ ಲೆಕ್ಕ. ಇಂಥವೇ ಇನ್ನಷ್ಟು ಕೂಡಿಸೋ ಹುಚ್ಚು ಹತ್ತಿದರೆ ಕ್ಯೂರಿಯೊ ಅಂಡ್ ರೆಲಿಕ್ (ಹಳೇ ಬಂದೂಕು ಸಂಗ್ರಹಕಾರರ) ಲೈಸೆನ್ಸ್ ಮಾಡಿಸಿ. ಮೂರು ವರ್ಷಕ್ಕೆ 30 ಡಾಲರ್, 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ರೈಫಲ್ ಮನೆ ಬಾಗಿಲಿಗೇ ಬರುತ್ತೆ. ಬಂದದ್ದು ಹೋದದ್ದು ಪುಸ್ತಕದಲ್ಲಿ ಬರೆದಿಡಬೇಕು, ಅದರಲ್ಲಿ ವ್ಯಾಪಾರ ಮಾಡೋ ಹಾಗಿಲ್ಲ.