ಬ್ರೆಕ್ಸಿಯಾದಲ್ಲಿ ಲಾವಾ ಚೂರು ಇದ್ದರೆ ಅಲ್ಲೇ ಜ್ವಾಲಾಮುಖಿ ಇತ್ತಾ?

ಗಿರೀಶ: (ಫೋಟೋ, ಫಾರ್ವರ್ಡ್) "ಪದರು ಶಿಲೆಗಳ ನಡುವೆ ಸಿಕ್ಕ ಬ್ರೆಕ್ಸಿಯಾ (ಚೂಪು ಚೂರುಗಳು ಬೆಸೆದು ಆದ ಕಲ್ಲು). ಕಪ್ಪು ಚೂರುಗಳೆಲ್ಲ ಲಾವಾ. ವಿಶ್ಲೇಷಣೆಯಲ್ಲಿ ಪೊಟ್ಯಾಸಿಯಂ ತುಂಬಾ ಇದೆ. ಪೊಟ್ಯಾಸಿಯಂ ಜಾಸ್ತಿ ಇರುವ ಲಾವಾ ಉಗುಳುವ ಜ್ವಾಲಾಮುಖಿ ಇಲ್ಲೇ ಇತ್ತು!"

ಗಿರೀಶ: ಜಿಯಾಲಜಿ ಓದಿದವರೆಲ್ಲ ನೋಡಲೇಬೇಕು. ಎಂಥಾ ಚೂರುಗಳು!

ಶೈಲಾ: ಫೋಟೋ ಚೆನ್ನಾಗಿದೆ ಕಣೋ. ಕೆಳಗಿನ ಬರಹ ಒಪ್ಪುವುದಿಲ್ಲ. ಚೂರು ಜ್ವಾಲಾಮುಖಿಯದು ಅಂದ ಮಾತ್ರಕ್ಕೆ ಬ್ರೆಕ್ಸಿಯಾನೂ ಜ್ವಾಲಾಮುಖಿಯದೇ ಆಗಬೇಕಿಲ್ಲ.

ಗಿರೀಶ: ಮೂಲೆಗಳು ಎಷ್ಟು ಚೂಪಾಗಿವೆ ನೋಡು. ದೂರದಿಂದ ಉರುಳಿ ಬಂದಿದ್ದರೆ ಸವೆದು ಗುಂಡಗಾಗುತ್ತಿದ್ದವು, ಅಲ್ವಾ?

ಶೈಲಾ: ಹತ್ತಿರದಲ್ಲಿ ಲಾವಾ ಬಂಡೆ ಇತ್ತು, ಒಪ್ಪಿದೆ. ಆಗ ಜ್ವಾಲಾಮುಖಿ ಉಕ್ಕುತ್ತಿತ್ತು ಅಂತ ಹೇಗೆ ಹೇಳುತ್ತೀಯ? ಲಾವಾ ಆರಿ ಕೋಟಿಗಟ್ಟಲೆ ವರ್ಷ ಆದಮೇಲೂ ಆ ಬಂಡೆ ಕಡಿದಾದ ಇಳಿಜಾರಿನಲ್ಲಿ ಕುಸಿದರೆ ಇಂಥದೇ ಚೂರು ಬೀಳುತ್ತವೆ.

ಶೈಲಾ: ಫೋಟೋ ದೊಡ್ಡದು ಮಾಡಿ ಎಡಗಡೆಯ ಚೂರು ನೋಡು. ಒಳಗಿನ ಬಿಳಿ ಚುಕ್ಕೆಗಳು ಲಾವಾದ ಗಾಳಿಗುಳ್ಳೆಗಳು, ಆಮೇಲೆ ಖನಿಜ ತುಂಬಿಕೊಂಡಿದೆ. ಅಂಚಿನಲ್ಲಿ ಒಂದು ಚುಕ್ಕೆ ಅರ್ಧಕ್ಕೇ ತುಂಡಾಗಿದೆ. ಖಾಲಿ ಗುಳ್ಳೆ ಒಡೆದಿದ್ದರೆ ಆ ಕುಳಿಯೊಳಗೆ ಮಣ್ಣು ಹೊಕ್ಕಿರಬೇಕಿತ್ತು. ಹೊಕ್ಕಿಲ್ಲ. ಬಿಳಿ ಖನಿಜ ಅಂಚಿನವರೆಗೂ ಇದೆ. ಅಂದರೆ ಲಾವಾ ಆರಿತು, ನೀರು ಇಳಿದು ಗುಳ್ಳೆ ತುಂಬಿತು, ಆಮೇಲೆ ಬಂಡೆ ಒಡೆದು ಇಲ್ಲಿಗೆ ಬಂತು. ನಡುವೆ ಸಮಯ ಹೋಗಿದೆ.

ಗಿರೀಶ: ಬಿಸಿ ಲಾವಾ ಹಸಿ ಕೆಸರಿಗೆ ನುಗ್ಗಿದರೂ ಚೂರಾಗುತ್ತೆ. ಅಂಥ ಕಲ್ಲಿಗೆ ಪೆಪರೈಟ್ ಅಂತಾರೆ, ಇದೂ ಅದೇ ಯಾಕಾಗಬಾರದು?

ಮಂಜಣ್ಣ: ಪೆಪರೈಟ್ ಆದರೆ ಚೂರಿನ ಅಂಚು ಥಟ್ಟನೆ ತಣಿದು ಗಾಜಾಗಿರುತ್ತೆ ಗಿರೀಶ. ಪಕ್ಕದ ಚೂರುಗಳು ಎಷ್ಟೋ ಕಡೆ ಒಂದಕ್ಕೊಂದು ಹೊಂದುತ್ತವೆ. ಇಲ್ಲಿ ಬಸಾಲ್ಟ್ (ಕಪ್ಪು ಲಾವಾ ಕಲ್ಲು) ಪಕ್ಕದಲ್ಲೇ ಗ್ರಾನೈಟ್ ಚೂರೂ ಕೂತಿದೆ, ಬೇರೆಬೇರೆ ಕಲ್ಲು ಬೆರೆತಿವೆ. ಅನುಮಾನ ಇದ್ದರೆ ಕಲ್ಲು ತಣಿಯುವಾಗ ಅದರಲ್ಲಿ ಉಳಿದುಕೊಂಡ ಭೂಕಾಂತದ ದಿಕ್ಕು ಅಳೆಯಬೇಕು. ಭೂಭೌತವಿಜ್ಞಾನಿ ಗ್ರಹಾಂ 1949ರಲ್ಲಿ ಬರೆದ ಪರೀಕ್ಷೆ ನೆನಪಿದೆಯಾ? ತಣ್ಣಗೆ ಉರುಳಿ ಬಂದ ಚೂರುಗಳಲ್ಲಿ ಒಂದೊಂದರ ದಿಕ್ಕು ಒಂದೊಂದು ಕಡೆ. ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಖನಿಜ ಕಾಂತತೆ ಕಳೆದುಕೊಳ್ಳುವ 580 ಡಿಗ್ರಿ ಸೆಲ್ಸಿಯಸ್ ಮಿತಿಗಿಂತ ಬಿಸಿಯಿದ್ದು, ಬಿದ್ದ ಜಾಗದಲ್ಲೇ ತಣಿದಿದ್ದರೆ ಎಲ್ಲ ಒಂದೇ ಕಡೆ. ಪದರ ಆಮೇಲೆ ಮತ್ತೆ ಕಾದಿದ್ದರೂ ಹಾಗಾಗಬಹುದು, ಅದನ್ನೂ ನೋಡಬೇಕು.

ರೇಖಾ: ಆ ಪೊಟ್ಯಾಸಿಯಂ ವಿಷಯ ಯಾರೂ ಕೇಳಲಿಲ್ಲವಲ್ಲ! ನನಗೆ ಬೇಜಾರಾದದ್ದೇ ಅಲ್ಲಿ. ಪೊಟ್ಯಾಸಿಯಂ, ಸೋಡಿಯಂ, ರುಬಿಡಿಯಂ, ಬೇರಿಯಂ ಎಲ್ಲ ನೀರಿನ ಜೊತೆ ಓಡಾಡುವವು. ಬ್ರೆಕ್ಸಿಯಾ ಅಂದರೆ ಸಂದುಗೊಂದು ಜಾಸ್ತಿ, ನೀರು ಸಲೀಸಾಗಿ ಹರಿಯುತ್ತೆ. ಮಾಮೂಲಿ ಬಸಾಲ್ಟ್‌ಗೂ ಆಮೇಲೆ ಪೊಟ್ಯಾಸಿಯಂ ಸೇರಿಕೊಳ್ಳಬಹುದು. ಹಳೆಯ, ನೀರಿನಿಂದ ಮಾರ್ಪಟ್ಟ ಲಾವಾಗೆ ನೋಡಬೇಕಾದದ್ದು ಟೈಟಾನಿಯಂ, ಜಿರ್ಕೋನಿಯಂ, ನಿಯೋಬಿಯಂ, ಇಟ್ರಿಯಂ. ಅವು ಅಷ್ಟು ಸುಲಭಕ್ಕೆ ಕದಲುವುದಿಲ್ಲ. ಭೂವಿಜ್ಞಾನಿಗಳಾದ ವಿಂಚೆಸ್ಟರ್ ಮತ್ತು ಫ್ಲಾಯ್ಡ್ 1977ರಲ್ಲೇ ಈ ನಾಲ್ಕರ ಅನುಪಾತದಿಂದ ಲಾವಾದ ಬಗೆ ಗುರುತಿಸುವ ನಕ್ಷೆ ಕೊಟ್ಟಿದ್ದಾರೆ.

ಗಿರೀಶ: ಸರಿ, ಆ ವಿಶ್ಲೇಷಣೆಯ ಕೋಷ್ಟಕದಲ್ಲಿ ನಿಯೋಬಿಯಂ ಕಡಿಮೆ ಇದೆ. ಅಂದರೆ ಭೂಮಿಯ ಒಂದು ಫಲಕ ಇನ್ನೊಂದರ ಅಡಿಗೆ ಜಾರುವ ಕಡೆಯ ಜ್ವಾಲಾಮುಖಿ. ಗೆದ್ದೆ!

ರೇಖಾ: ಸುಮ್ನೆ ನಿಯೋಬಿಯಂ ಕಡಿಮೆ ಅಂದರೆ ಸಾಲದು. ಥೋರಿಯಂ, ಲ್ಯಾಂಥನಂ ಜೊತೆ ಹೋಲಿಸಬೇಕು. ಮ್ಯಾಗ್ಮಾ (ನೆಲದಡಿಯ ಕರಗಿದ ಕಲ್ಲು) ಮೇಲೇರುವಾಗ ಖಂಡದ ಹಳೆಯ ಕಲ್ಲು ಕರಗಿ ಸೇರಿದರೂ ನಿಯೋಬಿಯಂ ತಗ್ಗಿದಂತೆ ಕಾಣುತ್ತೆ. ಅದೆಲ್ಲ ಸರಿಹೋಯಿತು ಅಂತಲೇ ಇಟ್ಟುಕೋ. ಗೊತ್ತಾಗುವುದು ಮ್ಯಾಗ್ಮಾ ಎಂಥ ಕಡೆ ಹುಟ್ಟಿತು ಅಂತ. ಚೂರುಗಳು ಇಲ್ಲಿ ಯಾವಾಗ ಬಂದು ಬಿದ್ದವು ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಗಿರೀಶ: ಚೂರಿನಲ್ಲಿ ಜಿರ್ಕಾನ್ (ವಯಸ್ಸು ಅಳೆಯಲು ಬಳಸುವ ಖನಿಜ) ಹುಡುಕಿ ವಯಸ್ಸು ತೆಗೆದರೆ?

ಶೈಲಾ: ಅದು ಚೂರಿನ ವಯಸ್ಸು. ಬ್ರೆಕ್ಸಿಯಾ ಅದಕ್ಕಿಂತ ಹಳೆಯದಲ್ಲ, ಅಷ್ಟೇ. ಎಷ್ಟು ಹೊಸದು ಅಂತ ಗೊತ್ತಾಗಲ್ಲ. ಬಸಾಲ್ಟ್‌ನಲ್ಲಿ ಜಿರ್ಕಾನ್ ಸಿಗುವುದೂ ಅಪರೂಪ.

ಮಂಜಣ್ಣ: ಗಾಜಿನಂಥ ಚೂರು ಕಂಡ ಕೂಡಲೇ ಲಾವಾ ಅನ್ನಬೇಡಿ, ಅದನ್ನೂ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ವಾಯವ್ಯ ತೀರದಲ್ಲಿ ಸ್ಟಾಕ್ ಫಾಡಾ ಅಂತ ಒಂದು ಪದರ ಇದೆ. ಅದರಲ್ಲಿನ ಹಸಿರು ಚೂರುಗಳನ್ನು ತುಂಬಾ ಕಾಲ ಜ್ವಾಲಾಮುಖಿಯವು ಅಂತಲೇ ಓದುತ್ತಿದ್ದರು. 2008ರಲ್ಲಿ ಅಲ್ಲಿ ಭಾರೀ ಆಘಾತದ ಗುರುತಿರುವ ಕ್ವಾರ್ಟ್ಜ್ ಕಣಗಳನ್ನು ತೋರಿಸಿದರು. ಉಲ್ಕೆ ಅಪ್ಪಳಿಸಿ ಕರಗಿದ ಕಲ್ಲು ಅದು!

ಗಿರೀಶ: ಆದರೂ ನನಗೆ ಇದು ಲಾವಾ ಅಂತಲೇ ಅನಿಸುತ್ತೆ, ಹತ್ತಿರದ್ದೇ ಅಂತ ಕೂಡ.

ಶೈಲಾ: ಅಷ್ಟರ ಮಟ್ಟಿಗೆ ಜಗಳ ಇಲ್ಲವೇ ಇಲ್ಲ. "ಇಲ್ಲೇ, ಆಗಲೇ" ಅನ್ನುವುದಕ್ಕೆ ನನ್ನ ತಕರಾರು. ಮೇಲೆ ಕೆಳಗೆ ಬೂದಿ ಪದರ ಇದೆಯಾ ಅಂತ ಫೋಟೋ ಹಾಕಿದವರನ್ನು ಕೇಳು. ನೀರು ಹೊತ್ತು ತಂದ ಬೂದಿ ಬೇಡ, ಮೇಲಿನಿಂದ ಉದುರಿ ಅಲ್ಲೇ ಕೂತದ್ದು ಇರಬೇಕು. ಅದು ಸಿಕ್ಕರೆ ನಾನೂ ನಿನ್ನ ಕಡೆ.

ರೇಖಾ: ಥೋರಿಯಂ, ಲ್ಯಾಂಥನಂ ಅಂಕಿಗಳನ್ನೂ ಕೇಳೋ. ಚೂರು ಮತ್ತು ಸುತ್ತಲಿನ ಮಣ್ಣು ಎರಡನ್ನೂ ಬೇರೆಬೇರೆ ಅಳೆದಿದ್ದಾರಾ ಅಂತಲೂ. ಎರಡನ್ನೂ ಒಟ್ಟಿಗೆ ಪುಡಿ ಮಾಡಿದ್ದರೆ ಆ ಕೋಷ್ಟಕ ಇಟ್ಟುಕೊಂಡು ಏನೂ ಹೇಳಕ್ಕಾಗಲ್ಲ.

ಗಿರೀಶ: ಕೇಳಿದ್ದೇನೆ. ಅಂಚಿನ ಕ್ಲೋಸಪ್ ಫೋಟೋ ಕೂಡ.